ಗ್ರೇಸ್ ಹಾಪರ್ ಎಂದರೆ ಪತಂಗದ ಕತೆ ಇಷ್ಟೇ ಏಕೆ? ಪಿಯು ಮಕ್ಕಳಿಗೆ ಏನು ಹೇಳಬೇಕು?

ತದಡಿ ಅಕ್ಕೋರು (ಕುಮಟಾ)
ಡಿಸೆಂಬರ್ 9 ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅವರ ಜನ್ಮದಿನ. ಆ ವಾರ ನಮ್ಮ ಕಾಲೇಜಿನ ವಿಜ್ಞಾನ ಮತ್ತು ವಾಣಿಜ್ಯ ವಿಭಾಗದ ಮಕ್ಕಳಿಗೆ ಅವರ ಕುರಿತು ಒಂದು ಪೀರಿಯಡ್ ಮಾತನಾಡುವ ಜವಾಬ್ದಾರಿ ನನಗೆ ಬಂದಿದೆ. ಕನ್ನಡದಲ್ಲಿ ಸಿಗುವ ಬರಹಗಳಲ್ಲಿ ನನಗೆ ಕಂಡದ್ದು ಎರಡೇ ಸಂಗತಿ. ಒಂದು, ಯಂತ್ರದೊಳಗೆ ಸಿಕ್ಕಿಬಿದ್ದ ಪತಂಗ. ಇನ್ನೊಂದು, ‘ಕೋಬಾಲ್‌ನ ತಾಯಿ’ ಎಂಬ ಬಿರುದು. (ಕೋಬಾಲ್ ಎಂದರೆ ವ್ಯವಹಾರದ ಲೆಕ್ಕಕ್ಕಾಗಿ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆ.) 1906ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ ಪಡೆದು, ವಾಸಾರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಹೆಂಗಸು ಯುದ್ಧಕಾಲದಲ್ಲಿ ನೌಕಾಪಡೆಗೆ ಸೇರಿ, 79ನೆಯ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು ಎಂದ ಮೇಲೆ, ನಡುವಿನ ನಾಲ್ಕು ದಶಕಗಳಲ್ಲಿ ಒಂದು ಹುಳದ ಕತೆಗಿಂತ ದೊಡ್ಡದೇನೋ ನಡೆದಿರಲೇಬೇಕಲ್ಲವೇ? ನಲವತ್ತು ನಿಮಿಷದಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಬಲ್ಲವರು ತಿಳಿಸಿಕೊಡಬೇಕು.

ಕೋಡಿಬಾಗ (ಕಾರವಾರ)
ಅಕ್ಕೋರೆ, ಪತಂಗದ ಕತೆಯನ್ನು ಹೇಳುವುದಾದರೆ ಸರಿಯಾಗಿ ಹೇಳಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರ್ ಯಂತ್ರದ ರಿಲೇಯೊಂದರಲ್ಲಿ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್ಚು) ಪತಂಗ ಸಿಕ್ಕಿದ್ದು ನಿಜ, ಅದನ್ನು ದಿನಚರಿ ಪುಸ್ತಕದ ಪುಟಕ್ಕೆ ಟೇಪಿನಿಂದ ಅಂಟಿಸಿದ್ದೂ ನಿಜ. ಆ ಪುಸ್ತಕ ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಅದನ್ನು ಹಿಡಿದವರು ಹಾಪರ್ ಅಲ್ಲ, ಯಂತ್ರ ನೋಡಿಕೊಳ್ಳುತ್ತಿದ್ದ ಸಿಬ್ಬಂದಿ. ಯಂತ್ರದ ದೋಷವನ್ನು ‘ಬಗ್’, ಎಂದರೆ ಹುಳ, ಎಂದು ಕರೆಯುವ ರೂಢಿ ಎಡಿಸನ್ ಕಾಲದಿಂದಲೂ ಇತ್ತು. ಹಾಪರ್ ಆ ಪ್ರಸಂಗವನ್ನು ತಮ್ಮ ಭಾಷಣಗಳಲ್ಲಿ ಚೆನ್ನಾಗಿ ಹೇಳುತ್ತಿದ್ದರು, ಹಾಗಾಗಿ ಕತೆ ಅವರ ಹೆಸರಿಗೆ ಅಂಟಿಕೊಂಡಿತು. ಒಂದು ನಿಮಿಷಕ್ಕಿಂತ ಹೆಚ್ಚು ಅದಕ್ಕೆ ಕೊಡಬೇಡಿ.

ಬಾಳೇಸರ
ಮೇಲಿನ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ಶಿಲ್ಕು ಬಾಕಿ (ಶಿರಸಿ)
ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ನಿವೃತ್ತನಾದವನು. ಓದಿದ್ದು ಬಿ.ಕಾಂ., ಎಂಜಿನಿಯರಿಂಗಿನ ಗಂಧವೂ ಇರಲಿಲ್ಲ. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಕುರಿತ 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ನಮ್ಮಲ್ಲಿಗೆ ಬಂದ ಯಂತ್ರದ ಪ್ರೋಗ್ರಾಮು ಕೋಬಾಲ್‌ನಲ್ಲಿತ್ತು. ತರಬೇತಿಯಲ್ಲಿ ಅದರ ಪ್ರತಿಯೊಂದನ್ನು ಕೈಗೆ ಕೊಟ್ಟಾಗ, ‘ಸಬ್‌ಟ್ರ್ಯಾಕ್ಟ್ ವಿತ್‌ಡ್ರಾವಲ್ ಫ್ರಮ್ ಬ್ಯಾಲೆನ್ಸ್’ ಎಂಬ ಸಾಲನ್ನು ನೋಡಿ, ಇದು ನಾವು ದಿನವೂ ಲೆಡ್ಜರಿನಲ್ಲಿ ಮಾಡುವ ಕೆಲಸವೇ ಅಲ್ಲವೇ ಎಂದು ಅರ್ಥವಾಯಿತು. ಆ ಹೊತ್ತಿನಲ್ಲಿ ನನ್ನಂಥವರಿಗೆ ಬಂದ ಧೈರ್ಯ ಸಣ್ಣದಲ್ಲ. ಕಂಪ್ಯೂಟರ್ ಬಂದರೆ ನಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಎಲ್ಲರೂ ಹೆದರಿದ್ದ ಕಾಲ ಅದು.

ಒಂದು ಪ್ರಸಂಗ ಹೇಳುತ್ತೇನೆ. ಒಮ್ಮೆ ಬಡ್ಡಿ ಹಾಕಿದ ಮೇಲೆ ಮೊತ್ತ ತಾಳೆಯಾಗಲಿಲ್ಲ. ಶಿಲ್ಕು ಕನಿಷ್ಠ ಮಿತಿಗಿಂತ ಕಡಿಮೆಯಿದ್ದರೆ ಶುಲ್ಕ ಕಳೆಯಬೇಕು ಎಂಬುದು ಒಂದು ಸಾಲು. ಅದರ ಕೆಳಗೆ ಎಲ್ಲ ಖಾತೆಗಳಿಗೂ ಬಡ್ಡಿ ಸೇರಿಸುವ ಸಾಲು. ಎರಡರ ನಡುವೆ ಪೂರ್ಣವಿರಾಮ ಬಿಟ್ಟುಹೋಗಿತ್ತು. ಕೋಬಾಲ್‌ನಲ್ಲಿ ಪೂರ್ಣವಿರಾಮ ಬರುವವರೆಗೂ ‘ಇಫ್’ ಎಂಬ ಷರತ್ತು ಮುಗಿಯುವುದಿಲ್ಲ. ಹೀಗಾಗಿ ಬಡ್ಡಿ ಸೇರಿಸುವ ಸಾಲೂ ಷರತ್ತಿನೊಳಗೆ ಸೇರಿಹೋಗಿ, ಶಿಲ್ಕು ಕಡಿಮೆಯಿದ್ದವರಿಗೆ ಮಾತ್ರ ಬಡ್ಡಿ ಬಿದ್ದಿತ್ತು. ಕಾಗದದ ಮೇಲೆ ಆ ಸಾಲುಗಳನ್ನು ಬೆರಳಿಟ್ಟು ಓದಿ ತಪ್ಪನ್ನು ತೋರಿಸಿದವರು ನಮ್ಮ ಹೆಡ್ ಕ್ಲರ್ಕ್. ಅವರು ಪ್ರೋಗ್ರಾಮಿಂಗ್ ಕಲಿತವರಲ್ಲ. ಲೆಕ್ಕ ಬಲ್ಲವರು ಓದಿ ತಪ್ಪು ಹಿಡಿಯುವಂತಿರಬೇಕು ಎಂಬುದೇ ಹಾಪರ್ ಅವರ ಹಟವಾಗಿತ್ತು ಎಂದು ಆಮೇಲೆ ಓದಿ ತಿಳಿದೆ. ನಿಮ್ಮ ವಾಣಿಜ್ಯ ವಿಭಾಗದ ಮಕ್ಕಳಿಗೆ ಇದನ್ನು ಹೇಳಿ.

ಸೀಬರ್ಡ್ ಕಾಲನಿ
ರಾಯರ ಅನುಭವಕ್ಕೆ ಗೌರವವಿದೆ, ಆದರೆ ನನ್ನದೊಂದು ತಕರಾರಿದೆ. ಸತ್ತುಹೋದ ಒಂದು ಭಾಷೆಯನ್ನು ಮುಂದಿಟ್ಟುಕೊಂಡು ಇಂದಿನ ಮಕ್ಕಳಿಗೆ ಸ್ಫೂರ್ತಿ ತುಂಬುವುದು ಸಾಧ್ಯವೇ? ಡೈಕ್‌ಸ್ಟ್ರಾ ಅವರಂಥ ದೊಡ್ಡ ವಿಜ್ಞಾನಿ 1975ರಲ್ಲೇ ಕೋಬಾಲ್ ಕಲಿಸುವುದನ್ನು ಅಪರಾಧವೆಂದು ಪರಿಗಣಿಸಬೇಕು ಎಂದು ಬರೆದಿದ್ದಾರೆ. ಉದ್ದುದ್ದ ವಾಕ್ಯಗಳು, ನಾಲ್ಕು ‘ಡಿವಿಷನ್’, ಏಳನೆಯ ಕಾಲಂನಲ್ಲಿ ಇದು, ಎಂಟನೆಯ ಕಾಲಂನಲ್ಲಿ ಅದು ಎಂಬ ನಿಯಮಗಳು. ಅಲ್ಗಾರಿದಂ (ಲೆಕ್ಕವನ್ನು ಹಂತಹಂತವಾಗಿ ಬಿಡಿಸುವ ಕ್ರಮ) ಚಿಂತನೆಗೆ ಅದು ಕೊಟ್ಟದ್ದು ಕಡಿಮೆ. ಕಂಪ್ಯೂಟರ್ ವಿಜ್ಞಾನಿಗಳಾದ ಟ್ಯೂರಿಂಗ್ ಬಗ್ಗೆಯೋ ನೂತ್ ಬಗ್ಗೆಯೋ ಹೇಳಿದರೆ ಮಕ್ಕಳಿಗೆ ಹೆಚ್ಚು ಪ್ರಯೋಜನ.

ಯಲ್ಲಾಪುರ ಘಟ್ಟ
ಸತ್ತುಹೋದ ಭಾಷೆ ಎಂಬ ಮಾತು ಸರಿಯಲ್ಲ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ನಿರುದ್ಯೋಗ ಭತ್ಯೆಯ ಅರ್ಜಿಗಳು ಬೆಟ್ಟದಂತೆ ಬಿದ್ದಾಗ, ನ್ಯೂಜೆರ್ಸಿಯ ಗವರ್ನರ್ ಟಿ.ವಿ. ಮುಂದೆ ಬಂದು ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ಕೇಳಿಕೊಂಡರು. ಇನ್ನು ನಮ್ಮ ಕಡೆಯ ಮಾತು: ನಾನು 1998ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೇ ಕೋಬಾಲ್‌ನಿಂದ. ಇಸವಿಯನ್ನು ಎರಡೇ ಅಂಕಿಯಲ್ಲಿ ಉಳಿಸಿದ್ದ ಅಮೆರಿಕದ ವಿಮಾ ಕಂಪನಿಯೊಂದರ ಪ್ರೋಗ್ರಾಮುಗಳಲ್ಲಿ ‘ಪಿಕ್ 99’ (ಎರಡಂಕಿಯ ಸಂಖ್ಯೆಗೆ ಜಾಗ) ಎಂದು ಬರೆದ ಕಡೆಯೆಲ್ಲ ನಿಂತು, ಇದು ಇಸವಿಯೋ ಅಥವಾ ಬೇರೇನಾದರೂ ಎರಡಂಕಿಯ ಲೆಕ್ಕವೋ ಎಂದು ನೋಡಿ, ಇಸವಿಯಾಗಿದ್ದರೆ ನಾಲ್ಕು ಅಂಕಿಗೆ ಹಿಗ್ಗಿಸುವುದು ನಮ್ಮ ಕೆಲಸ. ಮೂವತ್ತು ವರ್ಷಗಳ ಹಿಂದೆ ಯಾರೋ ಬರೆದದ್ದನ್ನು ಘಟ್ಟದ ಮೇಲಿನ ಹಳ್ಳಿಯಿಂದ ಹೋದ ನಾನು ಓದಿ ಅರ್ಥಮಾಡಿಕೊಳ್ಳಲು ಸಾಧ್ಯವಾದದ್ದು ಆ ಉದ್ದುದ್ದ ವಾಕ್ಯಗಳಿಂದಲೇ. ಡೈಕ್‌ಸ್ಟ್ರಾ ಅವರಿಗೆ ಬೇಡವಾದದ್ದು ನಮಗೆ ಹೊಟ್ಟೆಗೆ ಹಾಕಿತು.

ಸೀಬರ್ಡ್ ಕಾಲನಿ
ಉದ್ಯೋಗ ಕೊಟ್ಟಿತು ಎಂಬುದು ಬೇರೆ, ವಿಜ್ಞಾನಕ್ಕೆ ಕೊಡುಗೆ ಎಂಬುದು ಬೇರೆ. ನನ್ನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಅಘನಾಶಿನಿ
ಉತ್ತರ ಕೋಬಾಲ್‌ನಲ್ಲಿ ಇಲ್ಲ, ಕೋಬಾಲ್ ಶುರುವಾದ 1959ಕ್ಕಿಂತ ಏಳು ವರ್ಷ ಹಿಂದಿದೆ. ಹಾಪರ್ 1944ರಲ್ಲಿ ಹಾರ್ವರ್ಡ್‌ಗೆ ಹೋದಾಗ ಹೊವಾರ್ಡ್ ಐಕನ್ ಅವರ ಮಾರ್ಕ್ 1 ಯಂತ್ರ ಹದಿನೈದು ಮೀಟರಿಗೂ ಉದ್ದವಾಗಿತ್ತು. ಸೆಕೆಂಡಿಗೆ ಮೂರು ಕೂಡಿಕೆ ಮಾಡುತ್ತಿತ್ತು, ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡು ಹಿಡಿಯುತ್ತಿತ್ತು. ಆದೇಶಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಕೊಡಬೇಕಿತ್ತು. ಸೈನ್ ಲೆಕ್ಕಕ್ಕೋ ವರ್ಗಮೂಲಕ್ಕೋ ಒಮ್ಮೆ ಸರಿಯಾಗಿ ಬರೆದ ತುಣುಕನ್ನು ಎಲ್ಲರೂ ತಮ್ಮ ತಮ್ಮ ನೋಟ್ ಪುಸ್ತಕದಲ್ಲಿ ಇಟ್ಟುಕೊಂಡು, ಬೇಕಾದಾಗ ಒಬ್ಬರದ್ದನ್ನು ಇನ್ನೊಬ್ಬರು ನೋಡಿ ಬರೆದುಕೊಳ್ಳುತ್ತಿದ್ದರು. ಹಾಗೆ ಬರೆದುಕೊಳ್ಳುವಾಗ ಪ್ರತಿ ವಿಳಾಸಕ್ಕೂ (ಯಂತ್ರದೊಳಗಿನ ಜಾಗದ ಸಂಖ್ಯೆಗೂ) ಒಂದು ಸಂಖ್ಯೆ ಕೂಡಿಸಬೇಕು. ಇಲ್ಲಿಯೇ ತಪ್ಪುಗಳು ನುಸುಳುತ್ತಿದ್ದವು. ಮನುಷ್ಯರಿಗೆ ನಕಲು ಮಾಡುವುದೂ ಬಾರದು, ಕೂಡಿಸುವುದೂ ಬಾರದು, ಯಂತ್ರಕ್ಕೆ ಎರಡೂ ಚೆನ್ನಾಗಿ ಬರುತ್ತದೆ, ಹಾಗಾದರೆ ಆ ಕೆಲಸವನ್ನೇ ಯಂತ್ರಕ್ಕೆ ಏಕೆ ಒಪ್ಪಿಸಬಾರದು ಎಂದು ಹಾಪರ್ ಯೋಚಿಸಿದರು.

1952ರ ಹೊತ್ತಿಗೆ ಯುನಿವ್ಯಾಕ್ ಯಂತ್ರಕ್ಕಾಗಿ ಸಿದ್ಧವಾದ ಎ-0 ಮಾಡಿದ್ದು ಇದನ್ನೇ. ತುಣುಕುಗಳೆಲ್ಲ ಟೇಪಿನಲ್ಲಿ ಇರುತ್ತವೆ, ಪ್ರತಿಯೊಂದಕ್ಕೂ ಒಂದು ಗುರುತು ಇರುತ್ತದೆ. ಬರೆಯುವವರು ಗುರುತುಗಳನ್ನಷ್ಟೇ ಸಾಲಾಗಿ ಕೊಟ್ಟರೆ, ಯಂತ್ರವೇ ತುಣುಕುಗಳನ್ನು ಹುಡುಕಿ, ವಿಳಾಸ ಸರಿಪಡಿಸಿ, ಜೋಡಿಸಿ ಪೂರ್ತಿ ಪ್ರೋಗ್ರಾಮನ್ನು ಕೊಡುತ್ತದೆ. ಆ ವರ್ಷ ಅವರು ಮಂಡಿಸಿದ ಪ್ರಬಂಧದ ಶೀರ್ಷಿಕೆಯೇ ಕಂಪ್ಯೂಟರಿನ ಶಿಕ್ಷಣದ ಬಗ್ಗೆ. ಕಂಪ್ಯೂಟರ್ ಅಂಕಗಣಿತ ಮಾಡಬಲ್ಲದೇ ಹೊರತು ಪ್ರೋಗ್ರಾಮು ಬರೆಯಲಾರದು ಎಂದೇ ಸುತ್ತಲಿನವರು ಹೇಳುತ್ತಿದ್ದರು. ಯಂತ್ರಕ್ಕೆ ಕೊಡುವ ಆದೇಶವೂ ಯಂತ್ರವೇ ಸಂಸ್ಕರಿಸಬಹುದಾದ ದತ್ತಾಂಶ ಎಂದು ಮಾಡಿ ತೋರಿಸಿದ್ದು ವಿಜ್ಞಾನವಲ್ಲದೆ ಮತ್ತೇನು?

ಕೈಗಾ ರಸ್ತೆ
ಅಘನಾಶಿನಿಯವರ ವಿವರಣೆ ಚೆನ್ನಾಗಿದೆ, ಆದರೆ ‘ಜಗತ್ತಿನ ಮೊದಲ ಕಂಪೈಲರ್’ ಎಂದು ಅಕ್ಕೋರು ಹಲಗೆಯ ಮೇಲೆ ಬರೆದುಬಿಡಬಾರದು. ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರಸಂಕೇತಕ್ಕೆ ತಿರುಗಿಸುವ ಪ್ರೋಗ್ರಾಮು. ಇಂದಿನ ಲೆಕ್ಕದಲ್ಲಿ ಎ-0 ಮಾಡಿದ ಕೆಲಸ, ಸಿದ್ಧ ತುಣುಕುಗಳನ್ನು ಜೋಡಿಸಿ ಯಂತ್ರಕ್ಕೆ ತುಂಬುವ ಲಿಂಕರ್ ಮತ್ತು ಲೋಡರ್ ಮಾಡುವ ಕೆಲಸಕ್ಕೆ ಹತ್ತಿರ. ಅದೇ 1952ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಲಿಕ್ ಗ್ಲೆನಿ ಅವರ ಆಟೋಕೋಡ್ ಎಂಬ ಕಂಪೈಲರ್ ಬಂದಿತ್ತು. ಬರೆದ ಸೂತ್ರವನ್ನು ದಕ್ಷ ಯಂತ್ರಸಂಕೇತಕ್ಕೆ ಇಳಿಸುವ ಪೂರ್ಣ ಪ್ರಮಾಣದ ಕಂಪೈಲರ್ ಎಂದರೆ 1957ರಲ್ಲಿ ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡ ಕೊಟ್ಟ ಫೋರ್ಟ್ರಾನ್. ‘ಮೊದಲು’ ಎಂಬ ಪಟ್ಟಕ್ಕಾಗಿ ಜಗಳವಾಡಿದರೆ ಹಾಪರ್ ಅವರಿಗೆ ಅನ್ಯಾಯವೇ ಆಗುತ್ತದೆ, ಏಕೆಂದರೆ ಅವರ ನಿಜವಾದ ವೈಶಿಷ್ಟ್ಯ ಬೇರೆಯದು: ಯಂತ್ರ ಯಾರಿಗಾಗಿ ಎಂಬ ಪ್ರಶ್ನೆಯನ್ನು ಅವರು ಬಿಡಲೇ ಇಲ್ಲ. ಬ್ಯಾಕಸ್ ಗಣಿತಜ್ಞರಿಗಾಗಿ ಬರೆದರು, ಹಾಪರ್ ಲೆಕ್ಕಪತ್ರ ಬರೆಯುವವರಿಗಾಗಿ.

ಹೊನ್ನಾವರ ಬಂದರು
‘ಕೋಬಾಲ್‌ನ ತಾಯಿ’ ಎಂಬ ಬಿರುದಿನ ಬಗ್ಗೆಯೂ ಒಂದು ಮಾತು. ವ್ಯವಹಾರಕ್ಕೆ ಎಲ್ಲ ಯಂತ್ರಗಳಿಗೂ ಹೊಂದುವ ಒಂದೇ ಭಾಷೆ ಬೇಕು ಎಂದು 1959ರಲ್ಲಿ ಮೊದಲು ಕೂಗು ಹಾಕಿದವರು ಬರೋಸ್ ಕಂಪನಿಯ ಮೇರಿ ಹಾಸ್. ಭಾಷೆಯನ್ನು ರೂಪಿಸಿದ್ದು ಒಂದು ಸಮಿತಿ. ಜೀನ್ ಸ್ಯಾಮೆಟ್ ಅದರಲ್ಲಿ ಪ್ರಮುಖರು. ಹಾಪರ್ ಆ ಸಮಿತಿಯ ಸದಸ್ಯರಾಗಿರಲಿಲ್ಲ, ಸಲಹೆಗಾರರಾಗಿದ್ದರು. ಆದರೆ ಅವರ ತಂಡ ಆಗಲೇ ಯುನಿವ್ಯಾಕ್‌ಗಾಗಿ ಮಾಡಿದ್ದ ಫ್ಲೋ-ಮ್ಯಾಟಿಕ್ ಎಂಬ ಇಂಗ್ಲಿಷ್ ಮಾತಿನ ಭಾಷೆ ಇಲ್ಲದಿದ್ದರೆ ಸಮಿತಿಗೆ ಬುನಾದಿಯೇ ಇರುತ್ತಿರಲಿಲ್ಲ. 1960ರ ಡಿಸೆಂಬರ್‌ನಲ್ಲಿ ಆರ್‌ಸಿಎ ಮತ್ತು ಯುನಿವ್ಯಾಕ್ ಎಂಬ ಎರಡು ಬೇರೆ ಬೇರೆ ಕಂಪನಿಯ ಯಂತ್ರಗಳ ಮೇಲೆ ಒಂದೇ ಕೋಬಾಲ್ ಪ್ರೋಗ್ರಾಮು ಓಡಿತು. ಆ ದಿನದ ಮಹತ್ವವನ್ನು ಮಕ್ಕಳು ತಿಳಿಯಲಿ. ಮೇರಿ ಹಾಸ್ ಅವರ ಹೆಸರನ್ನೂ ದಯವಿಟ್ಟು ಹೇಳಿ.

ತದಡಿ ಅಕ್ಕೋರು (ಕುಮಟಾ)
ಎಲ್ಲರಿಗೂ ಕೃತಜ್ಞತೆಗಳು. ಮೇರಿ ಹಾಸ್ ಹೆಸರು ಖಂಡಿತ ಬರುತ್ತದೆ. ಇನ್ನೊಂದು ಸಂದೇಹ: ಇಂಗ್ಲಿಷ್ ಮಾತಿನಲ್ಲಿ ಪ್ರೋಗ್ರಾಮು ಬರೆಯುವಂತೆ ಮಾಡಿದರು ಎಂದರೆ, ನನ್ನ ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ಮೀನುಗಾರರ ಮಕ್ಕಳು, ಹಾಲಕ್ಕಿ ಮಕ್ಕಳು ‘ಅದರಿಂದ ನಮಗೇನು’ ಎಂದು ಕೇಳಬಹುದು. ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಅಘನಾಶಿನಿ
ಈ ಪ್ರಶ್ನೆಯನ್ನು ಹಾಪರ್ ಅವರೇ ಎದುರಿಸಿದ್ದರು, ಅಕ್ಕೋರೆ. ಇದನ್ನು ಅವರು 1978ರಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಇತಿಹಾಸದ ಸಮ್ಮೇಳನವೊಂದರಲ್ಲಿ ಹೇಳಿಕೊಂಡಿದ್ದಾರೆ. ಇಂಗ್ಲಿಷ್ ಮಾತಿನ ಪ್ರೋಗ್ರಾಮನ್ನು ಕಂಪನಿಯ ಆಡಳಿತಕ್ಕೆ ತೋರಿಸಲು ಸಿದ್ಧಪಡಿಸಿದಾಗ, ಯಂತ್ರಕ್ಕೆ ಆ ಮಾತುಗಳು ಬರೀ ಗುರುತುಗಳಷ್ಟೇ ಎಂಬುದನ್ನು ಮನಗಾಣಿಸಲು, ಅದೇ ಪ್ರೋಗ್ರಾಮನ್ನು ಫ್ರೆಂಚ್ ಮಾತಿನಲ್ಲಿ ಒಮ್ಮೆ, ಜರ್ಮನ್ ಮಾತಿನಲ್ಲಿ ಒಮ್ಮೆ ಓಡಿಸಿ ತೋರಿಸಿದರು. ಆಡಳಿತದವರು ಗಾಬರಿಯಾದರು. ಫಿಲಡೆಲ್ಫಿಯಾದಲ್ಲಿ ತಯಾರಾದ ಅಮೆರಿಕನ್ ಯಂತ್ರಕ್ಕೆ ಫ್ರೆಂಚ್, ಜರ್ಮನ್ ತಿಳಿಯುವುದು ಹೇಗೆ ಎಂಬುದು ಅವರ ಆಕ್ಷೇಪ. ಕೊನೆಗೆ ಇಂಗ್ಲಿಷ್ ಮಾತ್ರ ಎಂದು ಭರವಸೆ ಕೊಟ್ಟು ಅವರನ್ನು ಸಮಾಧಾನ ಮಾಡಬೇಕಾಯಿತು. ಆದ್ದರಿಂದ ಇಂಗ್ಲಿಷ್ ಒಂದೇ ಉಳಿದದ್ದು ಯಂತ್ರದ ಮಿತಿಯಿಂದಲ್ಲ, ಹಣ ಹಾಕುವವರ ಮಿತಿಯಿಂದ. ಆ ಪ್ರಯೋಗ ನಡೆದದ್ದು 1950ರ ದಶಕದಲ್ಲಿ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿ.

ಸೀಬರ್ಡ್ ಕಾಲನಿ
ಈ ಸಂಗತಿಯಿಂದ ನನ್ನ ತಕರಾರಿನ ಅರ್ಧ ಬಿದ್ದುಹೋಯಿತು ಎಂದು ಒಪ್ಪುತ್ತೇನೆ. ಉಳಿದರ್ಧ ಹೀಗಿದೆ: ಆದೇಶದ ಮಾತುಗಳು ಕನ್ನಡದಲ್ಲಿದ್ದ ಮಾತ್ರಕ್ಕೆ ಪ್ರೋಗ್ರಾಮಿಂಗ್ ಸುಲಭವಾಗುತ್ತದೆಯೇ? ಕಷ್ಟವಿರುವುದು ತರ್ಕದಲ್ಲಿ, ಮಾತಿನಲ್ಲಲ್ಲ.

ಬನವಾಸಿ ಹುಡುಗಿ
ನಾನು ಬಿಸಿಎ ಓದುತ್ತಿರುವವಳು. ತರ್ಕ ಕಷ್ಟ ನಿಜ, ಅಣ್ಣ, ಆದರೆ ತರ್ಕದ ಮೊದಲು ಬಾಗಿಲಿನಲ್ಲಿ ಮಾತು ನಿಂತಿರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3ನೆಯ ಆವೃತ್ತಿ ಬಂದ ಮೇಲೆ ಚರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ನಾನು ನಮ್ಮ ಮನೆಯ ಅಡಿಕೆ ಲೆಕ್ಕಕ್ಕೆ ‘ತೂಕ’, ‘ದರ’, ‘ದಲಾಲಿ’, ‘ಕೈಗೆ’ ಎಂದು ಹೆಸರಿಟ್ಟು ಬರೆದಿದ್ದೇನೆ; ‘ಕೈಗೆ = ತೂಕ * ದರ - ದಲಾಲಿ’ ಎಂಬ ಸಾಲನ್ನು ನೋಡಿ ಅಪ್ಪ ತಾನಾಗಿಯೇ ‘ಹಮಾಲಿ ಕಳೆಯುವುದು ಎಲ್ಲಿ’ ಎಂದು ಕೇಳಿದರು. ಇಂಗ್ಲಿಷ್ ಹೆಸರುಗಳಿದ್ದಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ.

ಒಂದು ತೊಂದರೆ ಮಾತ್ರ ಬಗೆಹರಿದಿಲ್ಲ. ‘ರಾಶಿದರ’ ಎಂದರೆ ಓಡುತ್ತದೆ, ‘ಕ್ವಿಂಟಲ್‌ದರ’ ಎಂದರೆ ದೋಷ ತೋರಿಸುತ್ತದೆ. ಏಕೆ ಎಂದು ಯಾರಾದರೂ ಹೇಳುವಿರಾ?

ಕೈಗಾ ರಸ್ತೆ
ತಂಗಿ, ‘ಲ್’ ಆದಮೇಲೆ ‘ದ’ ಒತ್ತಾಗದಂತೆ ತಡೆಯಲು ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತದೆ. ಯುನಿಕೋಡ್‌ನಲ್ಲಿ ಅದಕ್ಕೊಂದು ಸಂಕೇತವಿದೆ, ಆದರೆ ಪೈಥಾನ್ ಹೆಸರುಗಳೊಳಗೆ ಅದಕ್ಕೆ ಪ್ರವೇಶವಿಲ್ಲ. ಸದ್ಯಕ್ಕೆ ‘ಕ್ವಿಂಟಲ್_ದರ’ ಎಂದು ನಡುವೆ ಅಡಿಗೆರೆ ಹಾಕು, ಓಡುತ್ತದೆ. ಕನ್ನಡಕ್ಕೆ ಸಹಜವಾದ ಬರವಣಿಗೆಯನ್ನು ಭಾಷೆ ರೂಪಿಸುವವರು ಗಮನಿಸದಿರುವುದು ನನಗೂ ಬೇಸರದ ಸಂಗತಿ. ಹಾಪರ್ ಇದ್ದಿದ್ದರೆ ಬಿಡುತ್ತಿರಲಿಲ್ಲ.

ಶಿಲ್ಕು ಬಾಕಿ (ಶಿರಸಿ)
‘ಹಮಾಲಿ ಕಳೆಯುವುದು ಎಲ್ಲಿ’ ಎಂದ ನಿಮ್ಮ ತಂದೆಯವರು ನಮ್ಮ ಹೆಡ್ ಕ್ಲರ್ಕ್ ಸಾಲಿಗೆ ಸೇರಿದವರು, ಮಗಳೇ. ಅವರಿಗೆ ನನ್ನ ನಮಸ್ಕಾರ ತಿಳಿಸು.

ನಿವೃತ್ತ ನಾವಿಕ (ಬಿಣಗಾ)
ನೌಕಾಪಡೆಯ ಭಾಗವನ್ನು ಯಾರೂ ಮುಟ್ಟಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. 1943ರಲ್ಲಿ ಅವರು ಸೇರಲು ಹೋದಾಗ ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಕಾರಣ ಅಡ್ಡಬಂದಿತ್ತು. ವಿಶೇಷ ವಿನಾಯಿತಿ ಪಡೆದು ಮೀಸಲು ಪಡೆಗೆ ಸೇರಿದರು. 1966ರ ಕೊನೆಗೆ ವಯಸ್ಸಿನ ಕಾರಣದಿಂದ ನಿವೃತ್ತಿ ಮಾಡಿಸಿದರು. ಮರುವರ್ಷವೇ ಆರು ತಿಂಗಳಿಗೆಂದು ಮರಳಿ ಕರೆದರು. ಆ ಆರು ತಿಂಗಳು 1986ರವರೆಗೆ ಬೆಳೆಯಿತು. ಕರೆದದ್ದು ಏಕೆ ಎಂಬುದು ಮುಖ್ಯ. ಪ್ರತಿ ಕಂಪನಿಯೂ ತನ್ನ ಕೋಬಾಲ್ ಕಂಪೈಲರ್ ಸರಿಯಾಗಿದೆ ಎಂದು ಹೇಳಿಕೊಂಡು ಮಾರುತ್ತಿತ್ತು, ಆದರೆ ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಹಾಪರ್ ಅವರ ತಂಡ ಪರೀಕ್ಷಾ ಪ್ರೋಗ್ರಾಮುಗಳನ್ನು ಬರೆದು, ಕಂಪೈಲರ್ ಮಾನಕದಂತೆ ನಡೆಯುತ್ತದೆಯೋ ಇಲ್ಲವೋ ಎಂದು ಒರೆಗೆ ಹಚ್ಚುವ ಕ್ರಮವನ್ನು ನೌಕಾಪಡೆಯಲ್ಲಿ ತಂದಿತು. ಪಡೆಯಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು: ಮಾರುವವನ ಬಾಯಿಮಾತನ್ನು ನಂಬಿ ಹಡಗು ನೀರಿಗೆ ಇಳಿಯುವುದಿಲ್ಲ.

1997ರಲ್ಲಿ ಅಮೆರಿಕದ ಯುದ್ಧನೌಕೆಯೊಂದು ಅವರ ಹೆಸರಿನಲ್ಲಿ ಸೇವೆಗೆ ಸೇರಿತು. ಮಕ್ಕಳನ್ನು ಕಾರವಾರಕ್ಕೆ ಕರೆತಂದರೆ ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ನಮ್ಮ ಹಳೆಯ ಯುದ್ಧನೌಕೆ ಚಾಪಲ್‌ನ ಎದುರು ನಿಲ್ಲಿಸಿ ಈ ಮಾತು ಹೇಳಿ. ಗಣಿತದ ಅಕ್ಕೋರೊಬ್ಬರ ಹೆಸರನ್ನು ಕ್ಷಿಪಣಿ ನೌಕೆಗೆ ಇಟ್ಟಿದ್ದಾರೆ ಎಂದರೆ ಹೆಣ್ಣುಮಕ್ಕಳ ಮುಖ ಹೇಗಾಗುತ್ತದೆ ನೋಡಿ.

ಗೋಕರ್ಣ ದಾರಿ
ತಂತಿಯ ಪಾಠವನ್ನು ಮರೆಯಬೇಡಿ. ಉಪಗ್ರಹದ ಮೂಲಕ ಸಂದೇಶ ಹೋಗಲು ಇಷ್ಟು ಹೊತ್ತು ಏಕೆ ಎಂದು ಕೇಳುವ ಅಡ್ಮಿರಲ್‌ಗಳಿಗೆ ಹಾಪರ್ 11.8 ಇಂಚಿನ ತಂತಿಯ ತುಂಡನ್ನು ಕೊಟ್ಟು, ಒಂದು ನ್ಯಾನೋಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ವಿದ್ಯುತ್ತು ಹೆಚ್ಚೆಂದರೆ ಇಷ್ಟು ದೂರ ಹೋಗುತ್ತದೆ, ಇಲ್ಲಿಂದ ಉಪಗ್ರಹಕ್ಕೆ ಇಂಥ ತುಂಡು ಎಷ್ಟು ಬೇಕು ಲೆಕ್ಕ ಹಾಕಿ ಎನ್ನುತ್ತಿದ್ದರು. ಅದರ ಸಾವಿರ ಪಟ್ಟಾದ ಮೈಕ್ರೋಸೆಕೆಂಡಿಗೆ ಸುಮಾರು ಮುನ್ನೂರು ಮೀಟರಿನ ಸುರುಳಿಯನ್ನೇ ಎತ್ತಿ ತೋರಿಸುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯಿಂದ ಬೈಂಡಿಂಗ್ ವೈರ್ ತಂದು ಮೂವತ್ತು ಸೆಂಟಿಮೀಟರಿನ ತುಂಡು ಮಾಡಿ ಪ್ರತಿ ಮಗುವಿನ ಕೈಗೆ ಒಂದೊಂದು ಕೊಡಿ. ಮೈಕ್ರೋಸೆಕೆಂಡಿಗೆ ತದಡಿಯ ದಕ್ಕೆಯಲ್ಲಿ ಬಲೆಯ ಹಗ್ಗವನ್ನೇ ಮುನ್ನೂರು ಮೀಟರ್ ಬಿಚ್ಚಿ ಹಿಡಿಸಬಹುದು.

ಭೌತಶಾಸ್ತ್ರದ ಮಾಸ್ತರ್ (ಅಂಕೋಲಾ)
ತಂತಿಯ ಪಾಠಕ್ಕೆ ಒಂದು ಸಣ್ಣ ಟಿಪ್ಪಣಿ ಸೇರಿಸಿಕೊಳ್ಳಿ. ಮೂವತ್ತು ಸೆಂಟಿಮೀಟರ್ ಎಂಬುದು ನಿರ್ವಾತದಲ್ಲಿ ಬೆಳಕು ಹೋಗುವ ದೂರ, ಎಂದರೆ ಯಾವ ಸಂಕೇತವೂ ದಾಟಲಾರದ ಮೇಲ್ಮಿತಿ. ಸಾಮಾನ್ಯ ಕೇಬಲ್ಲಿನಲ್ಲಿ ಸಂಕೇತ ಅದರ ಮೂರರಲ್ಲಿ ಎರಡು ಪಾಲಿನಷ್ಟು ವೇಗದಲ್ಲಿ ಹೋಗುತ್ತದೆ. ಸಂವಹನ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಹೋಗಿ ಬರಲು ಕಾಲು ಸೆಕೆಂಡಿಗೆ ಸ್ವಲ್ಪ ಕಡಿಮೆ. ಮಕ್ಕಳೇ ಭಾಗಿಸಿ ನೋಡಲಿ, ಉತ್ತರವನ್ನು ಮೊದಲೇ ಹೇಳಬೇಡಿ.

ಬನವಾಸಿ ಹುಡುಗಿ
ಕೋಬಾಲ್ ಪ್ರೋಗ್ರಾಮನ್ನು ಈಗ ಮನೆಯಲ್ಲಿ ಓಡಿಸಿ ನೋಡುವ ದಾರಿ ಇದೆಯೇ? ದುಡ್ಡು ಕೊಟ್ಟು ಕೊಳ್ಳುವಂಥದ್ದು ಬೇಡ.

ಯಲ್ಲಾಪುರ ಘಟ್ಟ
ಇದೆ ತಂಗಿ. ಗ್ನೂಕೋಬಾಲ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕಾಲೇಜಿನ ಲ್ಯಾಬಿನ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲೂ ಓಡುತ್ತದೆ. ಅದು ಕೋಬಾಲ್ ಅನ್ನು ಮೊದಲು ಸಿ ಭಾಷೆಗೆ ತಿರುಗಿಸಿ, ಆಮೇಲೆ ಸಿ ಕಂಪೈಲರಿನಿಂದ ಯಂತ್ರಸಂಕೇತ ಮಾಡಿಸುತ್ತದೆ. ನಡುವಿನ ಸಿ ಕಡತವನ್ನು ನೋಡಬೇಕೆಂದರೆ ‘ಕಾಬ್‌ಸಿ’ ಆದೇಶಕ್ಕೆ ದೊಡ್ಡಕ್ಷರದ ‘ಸಿ’ ಆಯ್ಕೆ ಕೊಡು. ನಾಲ್ಕು ಸಾಲಿನ ಅಡಿಕೆ ಲೆಕ್ಕ ಬರೆದು, ಅದು ಎಷ್ಟು ಪುಟದ ಸಿ ಆಗುತ್ತದೆ ಎಂದು ತೆರೆದು ನೋಡು. ಹಾಪರ್ ಯಂತ್ರದ ಹೆಗಲಿಗೆ ದಾಟಿಸಿದ ಕೆಲಸ ಎಷ್ಟು ಎಂಬುದು ಅಲ್ಲಿ ಕಾಣುತ್ತದೆ. ಸಾಲುಗಳನ್ನು ಎಂಟನೆಯ ಕಾಲಂನಿಂದ ಶುರು ಮಾಡು, ಇಲ್ಲವೇ ‘ಫ್ರೀ’ ಆಯ್ಕೆ ಸೇರಿಸು. ಪೂರ್ಣವಿರಾಮ ಮರೆಯಬೇಡ.